ಎಲ್ಲ ಅಳಿಸಿ ಕಟ್ಟಲು ಬಿಡದ ಅಕ್ಕ

ನಮ್ಮ ದುಬೈ ಆಫೀಸಿನ ಹಿರಿಯ ಪ್ರೋಗ್ರಾಮರ್ ಅಕ್ಕನಿಗೆ ಸಂಬಳ ಕೊಡುವುದು ಬೈಯುವುದಕ್ಕೇ ಎಂದು ಮೊದಲ ವಾರ ನಾನು ನಂಬಿದ್ದೆ! ಅದೂ ಕಂಪ್ಯೂಟರನ್ನು, ಅಚ್ಚ ಧಾರವಾಡದ ಮಾತಿನಲ್ಲಿ. ಬರೆದ ಪ್ರೋಗ್ರಾಂ ಅನ್ನು ಯಂತ್ರ ಕಟ್ಟಿ ಮುಗಿಸಿ, ಬಿಲ್ಡ್ ಯಶಸ್ವಿ ಎಂದು ಹಸಿರು ಅಕ್ಷರ ಬಂದರೆ ನಾವೆಲ್ಲ ಚಹಾಕ್ಕೆ ಏಳುತ್ತೇವೆ. ಅಕ್ಕ ಮಾತ್ರ ಪರದೆಗೆ ಇನ್ನಷ್ಟು ಬಗ್ಗಿ, “ಖರೇನ ಕಟ್ಟೀಯೋ, ಸುಳ್ಳು ಹೇಳಾಕತ್ತೀಯೋ?” ಎಂದು ಕೇಳುತ್ತಾರೆ.

“ಏನನ್ನುತ್ತಿದ್ದಾಳೆ?” ಎಂದು ಈಜಿಪ್ಟಿನ ಮ್ಯಾನೇಜರ್ ಒಮ್ಮೆ ವಿಚಾರಿಸಿದ.

“ಪ್ರಾರ್ಥನೆ,” ಎಂದೆ. ಅಂದಿನಿಂದ ಅವರ ಮೇಜಿನ ಬಳಿ ಅವನು ಪಿಸುಮಾತಿನಲ್ಲೇ ಮಾತಾಡುತ್ತಾನೆ.

ರುವೈಸ್ ಊರಿನ ಒಂದು ತೈಲ ಸ್ಥಾವರಕ್ಕೆ ನಾವು ಬರೆದ ಪ್ರೋಗ್ರಾಂನಲ್ಲಿ ಟ್ಯಾಂಕಿನ ಎಚ್ಚರಿಕೆಯ ಮಟ್ಟವನ್ನು ಶೇಕಡಾ ಎಂಬತ್ತರಿಂದ ಎಪ್ಪತ್ತಕ್ಕೆ ಇಳಿಸಬೇಕಿತ್ತು. ಸೆಟ್ಟಿಂಗ್ ಫೈಲಿನಲ್ಲಿ ಒಂದು ಅಂಕಿ ತಿದ್ದಿದೆ, ಬಿಲ್ಡ್ ಮಾಡಿದೆ, ಕಳಿಸಿದೆ. ಮರುದಿನ ಅಲ್ಲಿಂದ ಫೋನು: ಎಚ್ಚರಿಕೆಯ ಗಂಟೆ ಈಗಲೂ ಎಂಬತ್ತಕ್ಕೇ ಹೊಡೆಯುತ್ತಿದೆ! ಪರೀಕ್ಷೆಯ ಯಂತ್ರವಾದ್ದರಿಂದ ಬಚಾವು. ಆದರೆ ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ಕೆಲಸ ಹೋದರೆ ವೀಸಾವೂ ಹೋದಂತೆಯೇ.

ಹಳೆಯದನ್ನೆಲ್ಲ ಅಳಿಸಿ ಮೊದಲಿಂದ ಕಟ್ಟಿದೆ. ಎಪ್ಪತ್ತು ಬಂತು. “ಖಲಾಸ್ ಅಕ್ಕ, ಕಳಿಸ್ತೇನೆ.”

“ಕೈ ತಗೀ! ಎಲ್ಲಾ ಅಳಿಸಿ ಕಟ್ಟಿದರ ಜಡ್ಡು ಹೋಗಂಗಿಲ್ಲೋ ತಮ್ಮಾ, ಮುಸುಕು ಹಾಕ್ಕೊಂಡು ಮಲಗತೈತಿ.”

ಯಾವ ಫೈಲ್ ಬದಲಾದರೆ ಯಾವುದನ್ನು ಮತ್ತೆ ಕಟ್ಟಬೇಕು ಎಂಬ ನಿಯಮಗಳೆಲ್ಲ ಬಿಲ್ಡ್ ಸ್ಕ್ರಿಪ್ಟಿನಲ್ಲಿರುತ್ತವೆ; ನಿಯಮದಲ್ಲಿ ಇಲ್ಲದ್ದು ಬದಲಾದರೆ ಹಳೆಯದೇ ಉಳಿಯುತ್ತದೆ. ಅಕ್ಕ ಒಂದೊಂದೇ ಫೈಲನ್ನು ತುಸು ಬದಲಿಸಿ, ಬಿಲ್ಡ್ ಓಡಿಸಿ, ಏನೇನು ಹೊಸದಾಗಿ ಕಟ್ಟಿತೆಂದು ಬರೆದುಕೊಳ್ಳುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಎಚ್ಚರಿಕೆಯ ಭಾಗದ ನಿಯಮದಲ್ಲಿ ಸೆಟ್ಟಿಂಗ್ ಫೈಲಿನ ಹೆಸರೇ ಇಲ್ಲ! ಅಂಕಿ ಬದಲಾದ ಸುದ್ದಿ ಅದಕ್ಕೆ ಮುಟ್ಟುವುದಾದರೂ ಹೇಗೆ?

ಆ ಹೆಸರನ್ನು ತೆಗೆದವರು ಯಾರೆಂದು ಅಕ್ಕ ಸ್ಕ್ರಿಪ್ಟಿನ ಬದಲಾವಣೆಗಳ ಹಳೆಯ ದಾಖಲೆ ತೆರೆದರು. ಮೂರು ವಾರದ ಹಿಂದೆ, ಸ್ಕ್ರಿಪ್ಟನ್ನು ಚೊಕ್ಕ ಮಾಡುವ ಉಮೇದಿನಲ್ಲಿ ನಾನೇ ತೆಗೆದಿದ್ದೆ. ಅಕ್ಕ ಯಾರನ್ನೂ ಬೈಯಲಿಲ್ಲ, ಕಂಪ್ಯೂಟರನ್ನೂ!

ಮೀಟಿಂಗಿನಲ್ಲಿ ಮ್ಯಾನೇಜರ್ ಗುಡುಗಿದ: “ಯಾರದು ತಪ್ಪು?”

“ಒಂದು ಹೆಸರು ಬಿಟ್ಟುಹೋಗಿತ್ತು, ಸೇರಿಸಿದ್ದೇನೆ. ಅದು ಬಿಟ್ಟುಹೋದ ಬದಲಾವಣೆಯನ್ನು ಅಂದು ನೋಡಿ ಒಪ್ಪಿದವಳು ನಾನು,” ಎಂದರು ಅಕ್ಕ, ಇಂಗ್ಲಿಷಿನಲ್ಲಿ. ಅದೂ ನಿಜವೇ.

ಸಂಜೆ ಮಿರ್ದಿಫ್ ಬಡಾವಣೆಯ ತಮ್ಮ ಮನೆಗೆ ಹೋಗಬೇಕಿದ್ದ ಅಕ್ಕ, ನನ್ನನ್ನು ಬಿಡಲೆಂದು ನಾನಿರುವ ಸತ್ವಾದ ಕಡೆ ಕಾರು ತಿರುಗಿಸಿದರು.

“ತೆಗೆದದ್ದು ನಾನಲ್ವಾ ಅಕ್ಕ? ನೀವು ಹೇಳ್ಲೇ ಇಲ್ಲ.”

ಅವರು ರಸ್ತೆ ನೋಡುತ್ತಲೇ ಹೇಳಿದರು: “ಈ ಊರಿಗೆ ಬಂದ ಮೊದಲನೇ ವರ್ಷ ನಂದೂ ಹಿಂಗ ಒಂದು ತಪ್ಪಾಗಿತ್ತು. ಆವತ್ತು ನನ್ನ ಬಾಜೂ ಯಾರೂ ನಿಂದರಲಿಲ್ಲ. ಸಾಮಾನು ಕಟ್ಟಿಕೊಂಡು ಊರಿಗೆ ವಾಪಸ್ ಹೋಗಿದ್ದೆ, ಮತ್ತ ಬರಾಕ ಭಾಳ ದಿನಾ ಹಿಡೀತು.” ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿ, “ಇಳಿ, ಸತ್ವಾ ಬಂತು. ನಾಳೆ ಲಗೂನ ಬಾ,” ಎಂದರು.

ಇಳಿದೆ. ಏನಾದರೂ ಹೇಳಬೇಕೆಂದು ತಿರುಗುವಷ್ಟರಲ್ಲಿ ಸಿಗ್ನಲ್ ಹಸಿರಾಗಿ ಅವರ ಕಾರು ಹೊರಟಿತ್ತು.