ಆಳು ಸೇರಿ ಒಟ್ಟು ಹೊರೆ

ಮನೆ ಬದಲಿಸಲೆಂದು ಹಿಂದಿನ ದಿನ ಗೊತ್ತುಮಾಡಿದ ಬಾಡಿಗೆ ವ್ಯಾನಿನ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಆ ಒಂದು ಸಾಲನ್ನು ಬೇರೆ ಯಾರಾದರೂ ಆಗಿದ್ದರೆ ಓದುತ್ತಲೇ ಇರಲಿಲ್ಲ. ಆದರೆ ಓದುವುದೇ ಕರಡಪ್ಪನ ಹೊಟ್ಟೆಪಾಡು. ಅಚ್ಚುಕೂಟದಲ್ಲಿ ಕರಡು ತಿದ್ದಿ ತಿದ್ದಿ, ಬೀದಿಯವರಿಗೆ ಅವನ ನಿಜವಾದ ಹೆಸರೇ ಮರೆತುಹೋಗಿತ್ತು. ‘ಆಳು ಸೇರಿ ಒಟ್ಟು ಹೂರೆ ಎಂಟುನೂರು ಕಿಲೋ ಮೀರಕೂಡದು’ ಎಂಬ ಆ ಸಾಲನ್ನು ಅವನು ಎರಡು ಸಲ ಓದಿದ. ಮೊದಲನೆಯ ಸಲ ‘ಹೊರೆ’ ಹೋಗಿ ‘ಹೂರೆ’ ಆಗಿರುವುದನ್ನು ಕಂಡು ಹಲ್ಲು ಕಡಿದ. ಎರಡನೆಯ ಸಲ ಅವನ ಮುಖ ಅರಳಿತು. ಬೀರುವನ್ನು ಬಿಟ್ಟು ಹೋಗಲು ಅವನಿಗೆ ಕಾನೂನೇ ಕೈಗೆ ಸಿಕ್ಕಿತ್ತು.

ಬೀರು ಅಂದರೆ ಅಂತಿಂಥ ಬೀರು ಅಲ್ಲ. ಅವನ ಅತ್ತೆಯದು, ಆಕೆ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ಠಿಕಾಣಿ ಹೂಡಿದ್ದು. ಮುಂದಿನ ಬಾಗಿಲಿಗೆ ಆಳೆತ್ತರದ ಕನ್ನಡಿ, ಕೆಳಗೆ ಉಗುರು ಚಾಚಿದ ಸಿಂಹದ ಪಾದಗಳು. ದೀಪ ಆರಿಸಿದ ಮೇಲೆ ಯಾರೂ ಮುಟ್ಟದೆ ಅದರ ಬಾಗಿಲು ನರಳುತ್ತ ತೆರೆದುಕೊಳ್ಳುತ್ತಿತ್ತು, ಅಳಿಯ ಮಲಗಿದನೋ ಇಲ್ಲವೋ ಎಂದು ಅತ್ತೆಯೇ ಇಣುಕಿದ ಹಾಗೆ. ಆ ಸಿಂಹದ ಕಾಲಿಗೆ ಎಡವಿ ಎಡವಿ ಕರಡಪ್ಪನ ಬಲಗಾಲಿನ ಕಿರುಬೆರಳು ಆಕಾರವನ್ನೇ ಕಳೆದುಕೊಂಡಿತ್ತು. ಹೊಸ ಮನೆಯ ಕೋಣೆಗೆ ಒಂದು ಕಿಟಕಿ ಇತ್ತು. ಕಿಟಕಿಯಾಚೆ ಒಂದು ಮರ, ಮರದಾಚೆ ಆಟದ ಬಯಲು. ಅಲ್ಲಿ ತನ್ನ ಬೆತ್ತದ ಕುರ್ಚಿ ಹಾಕಿಕೊಂಡು, ತಪ್ಪು ಹುಡುಕುವ ಹಂಗಿಲ್ಲದೆ ಒಂದು ಪುಸ್ತಕ ಓದಬೇಕು. ಅವನ ಆಸೆ ಅಷ್ಟೇ. ಬೀರು ಬಂದರೆ ಆ ಜಾಗ ಬೀರುವಿಗೇ ಬೇಕು. ‘ನಿಮ್ಮಮ್ಮನ ಬೀರು ಬೇಡ ಕಣೇ’ ಎಂದು ಹೆಂಡತಿಯ ಮುಂದೆ ಬಾಯಿಬಿಡುವಷ್ಟು ಗುಂಡಿಗೆ ಅವನಿಗಿರಲಿಲ್ಲ. ಈಗ ಆ ಮಾತನ್ನು ಅವನು ಹೇಳಬೇಕಾಗಿಯೂ ಇರಲಿಲ್ಲ, ತಕ್ಕಡಿಯೇ ಹೇಳುತ್ತಿತ್ತು.

ಮರುದಿನ ಬೆಳಗ್ಗೆಯೇ ಎದ್ದು ಅವನು ಹೂಕುಂಡಗಳಿಗೆಲ್ಲ ನೀರು ಹಾಕಿದ. ಮಣ್ಣು ಕುಡಿಯುವಷ್ಟು ಹಾಕಿ, ಮೇಲೆ ಇನ್ನಷ್ಟು ಹಾಕಿದ. ನೆನೆದ ಮಣ್ಣಿಗೆ ತೂಕ ಜಾಸ್ತಿ ಎಂಬುದು ಅವನಿಗೆ ಗೊತ್ತಿತ್ತು.

“ಇದೇನ್ರೀ, ಯಾವತ್ತೂ ಇಲ್ಲದ ಪ್ರೀತಿ ಗಿಡಗಳ ಮೇಲೆ?” ಎಂದಳು ಹೆಂಡತಿ.

“ದಾರೀಲಿ ಬಾಡಿಬಿಟ್ಟರೆ? ಪಾಪ, ಬಾಯಿಲ್ಲದ ಜೀವಗಳು.”

ವ್ಯಾನು ಬಂದು ನಿಂತದ್ದೇ ತಡ, ಬೀದಿ ನೆರೆಯಿತು. ನಿವೃತ್ತ ಲೆಕ್ಕದ ಮೇಷ್ಟ್ರು ಸೀಮೆಸುಣ್ಣದೊಂದಿಗೆ ಬಂದರು. ನಿವೃತ್ತ ಕಾಂಪೌಂಡರು, ಒಂದು ಕಾಲದಲ್ಲಿ ರೋಗಿಗಳನ್ನು ಹತ್ತಿಸಿ ನಿಲ್ಲಿಸುತ್ತಿದ್ದ ತೂಕದ ಯಂತ್ರವನ್ನು ಕರಡಪ್ಪನ ಕೋರಿಕೆಯ ಮೇರೆಗೆ ಉರುಳಿಸಿಕೊಂಡು ಬಂದರು. ಎದುರುಮನೆಯ ಅಕ್ಕ ಅಳತೆಯ ಟೇಪು, ಒಂದು ಹಗ್ಗ ಹಿಡಿದು ಬಂದವಳು ಯಾರನ್ನೂ ಮಾತಾಡಿಸದೆ ನೇರ ಕೋಣೆಗೆ ಹೋಗಿ ಬೀರುವಿನ ಅಗಲ ಅಳೆದಳು. ‘ಇವಳಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ’ ಎಂದುಕೊಂಡ ಕರಡಪ್ಪ, ಕಟ್ಟೆಯ ಮೇಲೆ ಹತ್ತಿ ನಿಂತು ಭಾಷಣ ಶುರುಮಾಡಿದ.

“ನೋಡಿ, ಸೇತುವೆ ದಾಟಿದ ಮೇಲೆ ತಪಾಸಣೆ ಇದೆ. ತೂಕ ಮೀರಿದರೆ ವ್ಯಾನನ್ನೇ ಹಿಡಿದು ನಿಲ್ಲಿಸ್ತಾರೆ. ಕಾನೂನು ಅಂದ್ರೆ ಕಾನೂನು. ಆಳು ಸೇರಿ ಅಂತ ಬರೆದಿದೆ. ಅಂದ್ರೆ ಡ್ರೈವರ್, ನಾನು, ನನ್ನ ಹೆಂಡತಿ, ಮೂವರೂ ಲೆಕ್ಕಕ್ಕೆ ಬರ್ತೀವಿ. ಇದನ್ನ ಯಾರೂ ಮರೀಬಾರದು!”

“ಭೇಷ್!” ಎಂದರು ಮೇಷ್ಟ್ರು. “ಎಲ್ಲರೂ ಮರೆಯೋದು ಇದನ್ನೇ.” ಗೋಡೆಯ ಮೇಲೆ ದೊಡ್ಡದಾಗಿ ಎಂಟುನೂರು ಎಂದು ಬರೆದರು.

ಹೆಂಡತಿಗೆ ಮೊದಲೇ ಸಂಶಯ ಬರಬಾರದೆಂದು ಕರಡಪ್ಪ ಬೀರುವಿನ ಹೊಗಳಿಕೆಗೂ ಕೈಹಾಕಿದ. “ನನ್ನ ಜೀವ ಎಲ್ಲ ಇರೋದು ನಮ್ಮತ್ತೆ ಬೀರುವಿನ ಮೇಲೆ. ಪ್ರಾಣ ಬೇಕಾದರೆ ಬಿಟ್ಟೇನು, ಅದನ್ನು ಬಿಡೋಕೆ ಮನಸ್ಸು ಬರಲ್ಲ. ಆದರೆ ಕಾನೂನು ಏನು ಹೇಳುತ್ತೋ...” ಎಂದು ಗಂಟಲನ್ನು ಬೇಕಾದಷ್ಟೇ ನಡುಗಿಸಿದ. ಹೆಂಡತಿ ಅವನನ್ನೇ ಬೆರಗಾಗಿ ನೋಡುತ್ತ ನಿಂತಳು. ಎದುರುಮನೆಯ ಅಕ್ಕ ಕೈಯಲ್ಲಿದ್ದ ಟೇಪನ್ನು ಮೆಲ್ಲಗೆ ಸುತ್ತಿದಳು.

ಒಂದೊಂದೇ ಸಾಮಾನು ಯಂತ್ರ ಹತ್ತಿ ಇಳಿದು ವ್ಯಾನಿಗೆ ಹೋಯಿತು. ಕರಡಪ್ಪ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ತಂದ. ಎಂದೂ ತೆರೆಯದ ನಿಘಂಟುಗಳನ್ನು ತಂದ. ನೀರು ಸೋರುತ್ತಿದ್ದ ಕುಂಡಗಳನ್ನು ಮಕ್ಕಳನ್ನು ಎತ್ತಿದ ಹಾಗೆ ಎತ್ತಿ ತಂದ. ಬೆತ್ತದ ಕುರ್ಚಿಯನ್ನು ತೂಗಿಸಿ ತಾನೇ ಒಳಗಿಟ್ಟ. ಕಾಂಪೌಂಡರು ಪ್ರತಿಯೊಂದರ ತೂಕ ಕೂಗಿದ ಮೇಲೂ ಹಳೆಯ ಅಭ್ಯಾಸಬಲದಿಂದ “ಇಳೀರಿ, ಮುಂದಿನವರು ಬನ್ನಿ” ಎನ್ನುತ್ತಿದ್ದರು. ಕಡೆಗೆ ಮೂವರು ಆಳುಗಳೂ ಹತ್ತಿ ಇಳಿದರು. ಕರಡಪ್ಪ ಸರಿಯಾಗಿ ಎಪ್ಪತ್ತು ಕಿಲೋ ತೂಗಿದ.

ಮೇಷ್ಟ್ರು ಕೂಡಿದರು, ಕಳೆದರು. “ಇನ್ನು ಹನ್ನೆರಡು ಕಿಲೋಗೆ ಜಾಗ ಇದೆ.”

“ಬೀರು ಎಷ್ಟಪ್ಪಾ?” ಎಂದ ಕರಡಪ್ಪ, ಏನೂ ಅರಿಯದವನಂತೆ.

ಬೀರು ಮುಟ್ಟುವ ಮೊದಲೇ ಡ್ರೈವರ್ ಅದರ ಕನ್ನಡಿಯನ್ನು ಬಿಚ್ಚಿ ಗೋಡೆಗೆ ಆನಿಸಿದ. “ಗಾಜು ನಾನು ಹೇರಲ್ಲ ಸ್ವಾಮಿ. ಒಡೆದರೆ ನನ್ನ ತಲೆಗೆ ಬರುತ್ತೆ.” ಕನ್ನಡಿ ಕಳಚಿದ ಬೀರುವನ್ನು ನಾಲ್ಕು ಜನ ಎತ್ತಿ ಯಂತ್ರದ ಮೇಲಿಟ್ಟರು. ಎಂಬತ್ತೆರಡು ಕಿಲೋ.

ಕರಡಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಕೈಯ ಮರೆಯಲ್ಲಿ ಅವನಿಗೆ ಕಿಟಕಿ, ಮರ, ಬಯಲು ಎಲ್ಲ ಕಾಣುತ್ತಿದ್ದವು. “ಹೋಯ್ತು! ಏನು ಮಾಡೋದು, ನಮ್ಮ ಹಣೆಬರಹ. ಕಾನೂನು ಮೀರೋಕಾಗುತ್ತಾ?”

“ಛೆ ಛೆ, ಕಣ್ಣೀರು ಹಾಕ್ಬೇಡಿ” ಎಂದರು ಕಾಂಪೌಂಡರು. “ಆ ಕುಂಡಗಳನ್ನ ಇಳಿಸಿದರಾಯ್ತು.”

“ಅಯ್ಯೋ, ಜೀವ ಇರೋ ವಸ್ತು! ಬಿಟ್ಟು ಹೋಗೋಕೆ ನನ್ನ ಕೈಲಾಗಲ್ಲ.”

ಮೇಷ್ಟ್ರು ಗೋಡೆಯನ್ನೇ ನೋಡುತ್ತ ನಿಂತಿದ್ದರು. ಸೀಮೆಸುಣ್ಣ ಅವರ ಬೆರಳ ನಡುವೆ ತಿರುಗಿತು, ನಿಂತಿತು. “ಜೀವವಿಲ್ಲದ್ದು ನಡೆಯಲ್ಲ. ಗಿಡಕ್ಕೆ ಜೀವ ಇದೆ, ಕಾಲಿಲ್ಲ. ಬೀರುಗೆ ಕಾಲಿದೆ, ಜೀವ ಇಲ್ಲ. ಜೀವವೂ ಇದ್ದು ಕಾಲೂ ಇದ್ದು, ತಾನೇ ನಡೆದು ಬರಬಲ್ಲಂಥದ್ದು ಈ ಹೊರೆಯಲ್ಲಿ ಯಾವುದಾದರೂ ಇದೆಯೋ?”

ಇಡೀ ಬೀದಿ ಕರಡಪ್ಪನ ಕಡೆ ತಿರುಗಿತು.

“ಎಪ್ಪತ್ತು, ಹನ್ನೆರಡು, ಎಂಬತ್ತೆರಡು!” ಎಂದು ಮೇಷ್ಟ್ರು ಗೋಡೆಗೆ ಗುದ್ದಿದರು. “ಒಂದು ಕಿಲೋ ಹೆಚ್ಚಿಲ್ಲ, ಕಡಿಮೆ ಇಲ್ಲ! ಕರಡಪ್ಪ, ನೀವು ಇಳಿದರೆ ಬೀರು ಹತ್ತುತ್ತೆ. ಆಳು ಸೇರಿ ಅಂತ ನೀವು ಹೇಳಿರದಿದ್ದರೆ ನನಗೆ ಹೊಳೀತಾನೇ ಇರಲಿಲ್ಲ.”

“ಅಲ್ಲ, ಮನೆಯಾಕೆ ಬೇಕಾದರೆ...”

“ಅವರು ಅಲ್ಲಿ ಯಾವ ಸಾಮಾನು ಎಲ್ಲಿಡಬೇಕು ಅಂತ ಹೇಳೋದು ಬೇಡ್ವೇ?” ಎಂದರು ಕಾಂಪೌಂಡರು. “ಸೇತುವೆ ದಾಟಿದರೆ ಬಂತು ನಿಮ್ಮ ಮನೆ. ನಡಿಗೆ ಒಳ್ಳೇದು, ರಕ್ತ ಓಡಾಡುತ್ತೆ.”

ಮುಳುಗುವವನಂತೆ ಕರಡಪ್ಪ ಡ್ರೈವರನ ಕಡೆ ನೋಡಿದ. “ಇಷ್ಟೆತ್ತರದ್ದನ್ನ ಕೊನೇಲಿ ಹೇರಿದರೆ ತಿರುವಿನಲ್ಲಿ ಮಗುಚುತ್ತೆ, ಅಲ್ವೇನಪ್ಪಾ? ಸುರಕ್ಷತೆ ಮುಖ್ಯ.”

“ಕೊನೇಲಿ ಯಾಕೆ ಹೇರ್ತೀರಿ?” ಎಂದ ಡ್ರೈವರ್ ಶಾಂತವಾಗಿ. “ಭಾರದ್ದು ಮೊದಲು, ನನ್ನ ಸೀಟಿನ ಹಿಂದೆ ಒತ್ತಿ ನಿಲ್ಲಿಸಿ ಕಟ್ಟಬೇಕು. ಇಂಥದೊಂದು ಗಟ್ಟಿ ವಸ್ತು ಇದ್ದರೆ ಉಳಿದದ್ದಕ್ಕೆಲ್ಲ ಆಸರೆ. ಇಲ್ಲದೆ ಹೋದ್ರೆ ನಿಮ್ಮ ಕುಂಡಗಳು ದಾರಿಯುದ್ದಕ್ಕೂ ಕುಣೀತಾವೆ. ಎಲ್ಲ ಇಳಿಸಿ.”

ಎಲ್ಲ ಇಳಿಯಿತು. ಇಳಿಸಿದವನು ಹೆಚ್ಚಾಗಿ ಕರಡಪ್ಪನೇ. ಸಾಲದ್ದಕ್ಕೆ ಎದುರುಮನೆಯ ಅಕ್ಕ “ತಗೊಳ್ಳಿ, ಇನ್ನು ನನಗ್ಯಾಕೆ ಇದು” ಎಂದು ತನ್ನ ಹಗ್ಗವನ್ನೂ ಕೊಟ್ಟು, ಮುಖ ಊದಿಸಿಕೊಂಡು ಹೋದಳು. ಬೀರು ಮದುಮಗನಂತೆ ಮುಂದೆ ನಿಂತಿತು. ಹಗ್ಗ ಬಿಗಿಯಾಯಿತು. ಹೆಂಡತಿ ಡ್ರೈವರನ ಪಕ್ಕ ಕೂತು, ಒದ್ದೆ ಕಣ್ಣಿನಿಂದ ಗಂಡನನ್ನು ನೋಡಿದಳು.

“ಕನ್ನಡಿ ಜೋಪಾನ ಕಣ್ರಿ” ಎಂದಳು. ವ್ಯಾನು ಹೊರಟಿತು.

ಆಮೇಲೆ ಕರಡಪ್ಪ ಆಳೆತ್ತರದ ಕನ್ನಡಿಯನ್ನು ಎದೆಗವಚಿಕೊಂಡು ಊರು ದಾಟಿದ. ಬಸ್ಸಿನ ಕಂಡಕ್ಟರ್ “ಗಾಜಿಗೆ ಜಾಗ ಇಲ್ಲ” ಎಂದು ಸೀಟಿ ಊದಿದ. ಎದುರಿಗೆ ಬಂದವರು ಅವನ ಮುಖ ನೋಡದೆ ತಮ್ಮ ಮುಖ ನೋಡಿಕೊಂಡರು. ಒಬ್ಬ ಅವನನ್ನು ನಿಲ್ಲಿಸಿ ತಲೆ ಬಾಚಿಕೊಂಡು, “ಸ್ವಲ್ಪ ಎಡಕ್ಕೆ” ಎಂದೂ ಹೇಳಿದ. ಒಂದು ನಾಯಿ ಕನ್ನಡಿಯಲ್ಲಿದ್ದ ನಾಯಿಯೊಂದಿಗೆ ಜಗಳ ತೆಗೆದು ಸೇತುವೆಯವರೆಗೂ ಬೆನ್ನುಹತ್ತಿತು. ಸೇತುವೆಯ ನಡುವೆ ನಿಂತು ಕರಡಪ್ಪ ಕೆಳಗೆ ಹರಿಯುವ ನೀರನ್ನೂ ಕೈಯಲ್ಲಿದ್ದ ಕನ್ನಡಿಯನ್ನೂ ನೋಡಿದ. ಅವನಿಗೆ ನಿಜವಾಗಿಯೂ ಆಸೆಯಾಯಿತು. ಆದರೆ ಹೆಂಡತಿಯ ಆ ಒದ್ದೆ ಕಣ್ಣು ನೆನಪಾಗಿ, ನಿಟ್ಟುಸಿರು ಬಿಟ್ಟು ಮುಂದೆ ಹೆಜ್ಜೆ ಹಾಕಿದ. ತಪಾಸಣೆಯ ಚೌಕಿಗೆ ಬೀಗ ಬಿದ್ದಿತ್ತು. ಬಾಗಿಲಿಗೆ ಅಂಟಿಸಿದ್ದ ಚೀಟಿಯಲ್ಲಿ ‘ಇಂದು ರಜ’ ಎಂದಿತ್ತು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಹೊಸ ಮನೆ ಮುಟ್ಟುವಾಗ ಬಿಸಿಲು ಇಳಿದಿತ್ತು. ಬೀರು ಕಿಟಕಿಯನ್ನು ಪೂರಾ ಮುಚ್ಚಿ ನಿಂತಿತ್ತು. ಬೆತ್ತದ ಕುರ್ಚಿ ಬಚ್ಚಲಿನ ಬಾಗಿಲ ಪಕ್ಕ ಗೋಡೆಗೆ ಮುಖಮಾಡಿ ಕೂತಿತ್ತು. ಹೆಂಡತಿ ಓಡಿಬಂದು ಕನ್ನಡಿ ಇಳಿಸಿಕೊಂಡು, ಅವನ ಬೆವರು ಒರೆಸಿದಳು.

“ನಿಮಗೊಂದು ವಿಷಯ ಹೇಳ್ಬೇಕು. ಬೈಬಾರದು” ಎಂದಳು. “ನಂಗೆ ಚಿಕ್ಕಂದಿನಿಂದ ಆ ಬೀರು ಕಂಡ್ರೆ ಆಗ್ತಿರಲಿಲ್ಲ. ಅಮ್ಮ ದಿನಾ ಆ ಕನ್ನಡಿ ಮುಂದೆ ನಿಲ್ಲಿಸಿ ತಲೆ ಬಾಚ್ತಾ ಬೈತಿದ್ರು. ನಿಮಗೆ ಬೇಜಾರಾದೀತು ಅಂತ ಇಷ್ಟು ದಿನ ಸುಮ್ಮನಿದ್ದೆ. ಇವತ್ತು ನೀವು ಅತ್ತ ತಿರುಗಿದಾಗ ಎದುರುಮನೆ ಅಕ್ಕನಿಗೆ ಕೊಟ್ಟುಬಿಡೋಣ ಅಂತ ಮಾತೂ ಕೊಟ್ಟಿದ್ದೆ. ಅದಕ್ಕೇ ಅವಳು ಹಗ್ಗ ತಂದಿದ್ದು.”

ಕರಡಪ್ಪ ಗೋಡೆಗೆ ಮುಖಮಾಡಿದ್ದ ತನ್ನ ಕುರ್ಚಿಯ ಕಡೆ ನೋಡಿದ.

“ಆದರೆ ಎಲ್ಲರೆದುರು ನೀವು ಪ್ರಾಣ ಬಿಟ್ಟೇನು ಅಂದ್ರಲ್ಲ, ಅದಕ್ಕೋಸ್ಕರ ನೀವೇ ಇಳಿದು ನಡೆದು ಬಂದ್ರಲ್ಲ! ನಾನೆಂಥ ಪಾಪಿ ಅನ್ನಿಸಿಬಿಡ್ತು. ಇನ್ನು ನಮ್ಮ ಉಸಿರಿರೋ ತನಕ ಅದು ನಮ್ಮ ಜೊತೇಲೇ ಇರ್ಲಿ. ಸರಿ ತಾನೇ?”

“ಸರಿ” ಎಂದ ಕರಡಪ್ಪ.

ಅವನು ಮೊಳೆ ತಿರುಪು ಹುಡುಕಿ, ಕನ್ನಡಿಯನ್ನು ಬೀರುವಿಗೆ ಕೂರಿಸಿದ. ಕೊನೆಯ ತಿರುಪು ಬಿಗಿದು ಹಿಂದೆ ಸರಿಯುವಾಗ ಸಿಂಹದ ಕಾಲಿಗೆ ಅವನ ಕಿರುಬೆರಳು ತಗುಲಿತು. ಬೀರುವಿನ ಬಾಗಿಲು ನರಳುತ್ತ ತಾನಾಗಿಯೇ ತೆರೆದುಕೊಂಡು, ಅವನನ್ನು ಅಡಿಯಿಂದ ಮುಡಿಯವರೆಗೆ ತೋರಿಸಿತು.