ಸಾರಿನ ಬಟ್ಟಲಿಗಿಳಿದ ಬರೋಲೊ ಮಹಾಶಯರಿಗೆ

ಮಾನ್ಯರೇ,

ಎರಡು ಸಾವಿರದ ಹತ್ತನೇ ಇಸವಿಯ ಶ್ರೇಷ್ಠ ಫಸಲಿನಲ್ಲಿ ಜನಿಸಿ, ನಮ್ಮ ನೆಲಮಾಳಿಗೆಯನ್ನು ಇಷ್ಟು ಕಾಲ ಪಾವನಗೊಳಿಸಿದ ತಮ್ಮ ಖಾಲಿ ಬಾಟಲಿಗೆ, ಲಾಂಗೆ ಬೆಟ್ಟಗಳ ಬಡಪಾಯಿ ಎವಾಸಿಯೊ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಂಡಿನೋವಿನ ದೆಸೆಯಿಂದ ಕುರ್ಚಿಯಲ್ಲಿ ಕುಳಿತೇ ಸಲ್ಲಿಸುತ್ತಿದ್ದೇನೆ, ಮನ್ನಿಸಬೇಕು.

ಅಪ್ಪನ ಇಳಿಜಾರಿನ ದ್ರಾಕ್ಷಿಯಿಂದ ನಾನೂ ಅಣ್ಣ ಡೆಲ್ಮೊನೂ ಕೂಡಿ ಮಾಡಿದ ಕೊನೆಯ ಬರೋಲೊ ವೈನು ತಾವು. ತಮ್ಮನ್ನು ಬಾಟಲಿಗಿಳಿಸಿದ ವರ್ಷವೇ ಅಣ್ಣ ತನ್ನ ಪಾಲಿನ ಹಣ್ಣನ್ನು ದೊಡ್ಡ ಕಂಪನಿಗೆ ಕೊಡುತ್ತೇನೆಂದ. "ನಿನ್ನ ನಾಲಿಗೆಗೆ ವೈನೂ ಒಂದೇ, ವಿನೆಗರೂ ಒಂದೇ" ಎಂದುಬಿಟ್ಟೆ. ಅಲ್ಲಿಗೆ ಹನ್ನೊಂದು ವರ್ಷ ಮಾತು ನಿಂತಿತು. ಅವನು ನನ್ನ ಹೊಸ್ತಿಲು ತುಳಿದ ದಿನ ತಮ್ಮನ್ನು ತೆರೆಯುತ್ತೇನೆಂದು ಅಂದೇ ಶಪಥ ಮಾಡಿದ್ದೆ.

ಕಳೆದ ಭಾನುವಾರ ಮಧ್ಯಾಹ್ನ, ಮುನ್ಸೂಚನೆಯಿಲ್ಲದೆ, ಕೆಮ್ಮುತ್ತಾ ಬಂದೇಬಿಟ್ಟ. ನಾನು ನೆಲಮಾಳಿಗೆಗೆ ಓಡಿ ತಮ್ಮೆದುರು ಕೈಕಟ್ಟಿ ನಿಂತೆ. ಮೂರು ಗಂಟೆ ಗಾಳಿಯಾಡಿಸದೆ ತಮ್ಮನ್ನು ಬಡಿಸುವುದು ಹೇಗೆ, ತೆಳುಗಾಜಿನ ಲೋಟಗಳನ್ನು ತೊಳೆದಿಲ್ಲವಲ್ಲ, ಚಂದ್ರ ಬೇರೆ ಕ್ಷೀಣಿಸುತ್ತಿದ್ದಾನೆ, ಎಂದೆಲ್ಲ ಲೆಕ್ಕ ಹಾಕಿ ಕೊನೆಗೆ ದಿನಬಳಕೆಯ ದೊಲ್ಚೆತ್ತೊ ವೈನು ಹಿಡಿದು ಮೇಲೆ ಬಂದೆ. "ನಮ್ಮ ಬರೋಲೊಗಿನ್ನೂ ಐದು ವರ್ಷ ಬೇಕು, ಅಣ್ಣ" ಎಂದೆ.

"ಅದಕ್ಕಿದೆ ಬಿಡು. ನನಗಿಲ್ಲ ಕಣೋ" ಎಂದು, ಎಂಬತ್ತು ಮುಟ್ಟಿದ ಅಣ್ಣ ಹೊರಡಲು ಟೋಪಿಗೆ ಕೈಹಾಕಿದ.

ಆಗ ನನ್ನ ಹೆಂಡತಿ ಒತ್ತಾವಿಯಾ ಎದ್ದು ಹೋಗಿ, ತಮ್ಮ ಕತ್ತು ಹಿಡಿದು ತಂದು, ಬಿರಡೆ ಕಿತ್ತು, ಅಣ್ಣನ ಮುಂದಿಟ್ಟ, ಮಾಂಸದ ಕಡುಬು ತೇಲುತ್ತಿದ್ದ ಬಿಸಿ ಸಾರಿನ ಬಟ್ಟಲಿಗೆ ಗಳಗಳನೆ ಸುರಿದಳು, ನಮ್ಮ ಮುದುಕರೆಲ್ಲ ಅಗ್ಗದ ವೈನನ್ನು ಸುರಿದುಕೊಳ್ಳುವಂತೆ! ನಾನು ಕೊಲೆಯಾದವನಂತೆ ಕಿರುಚಿದೆ.

"ಬಾಯಿ ಮುಚ್ಚಿ ಸಾಕು" ಎಂದು ನನ್ನನ್ನು ಗದರಿದಳು. "ಭಾವ, ಬಿಸಿ ಇದ್ದಾಗಲೇ ಕುಡೀರಿ."

ಅಣ್ಣ ಎರಡೂ ಕೈಯಲ್ಲಿ ಬಟ್ಟಲೆತ್ತಿ ಸೊರ್ರನೆ ಹೀರಿದ. "ಅಪ್ಪನ ಬಟ್ಟಲಿನ ರುಚಿ ಕಣೋ ಇದು! ಇನ್ನೊಂಚೂರು ಹಾಕಮ್ಮ, ಒತ್ತಾವಿಯಾ" ಎಂದು ಟೋಪಿಯನ್ನು ಮೊಳೆಗೆ ತಗುಲಿಸಿದ. ನನಗೆ ಅಳು ಬಂತು. ತಮ್ಮ ಅಗಲಿಕೆಯ ದುಃಖವೆಂದು ಇಬ್ಬರಿಗೂ ಹೇಳಿದೆ, ಇಬ್ಬರೂ ನಂಬಲಿಲ್ಲ.

ಮಹಾಶಯರೇ, ತಮ್ಮಲ್ಲಿ ಗುಲಾಬಿಯ ಪರಿಮಳವಿದೆ, ರೇಷ್ಮೆಯ ನಯವಿದೆ ಎಂದು ಪ್ರವಾಸಿಗರಿಗೆ ವರ್ಷಗಟ್ಟಲೆ ಕೊರೆದವನು ನಾನು. ಅಂಥ ಕುಲೀನರಾದ ತಾವು ಒಂದು ಚೂರೂ ಬಿಂಕವಿಲ್ಲದೆ ಕಡುಬಿನ ಸಾರಿನಲ್ಲಿ ಬೆರೆತುಹೋಗಬಹುದೇ? ಬಿಂಕವೆಲ್ಲ ನನ್ನದೇ ಎಂದು ಊರಿಗೆ ತೋರಿಸಿಕೊಡಬಹುದೇ? ಆದ್ದರಿಂದ ತಾವು ದಯಮಾಡಿ ಬಾಟಲಿಗೆ ಹಿಂತಿರುಗಿ, ಬಿರಡೆಯನ್ನು ಒಳಗಿನಿಂದ ಎಳೆದುಕೊಂಡು, ಇನ್ನೊಮ್ಮೆ ನನ್ನ ಕೈಯಿಂದಲೇ ತೆರೆಸಿಕೊಳ್ಳಬೇಕು. ಅದಾಗದಿದ್ದರೆ, ತೆರೆದವನು ಎವಾಸಿಯೊನೇ ಎಂದು ಚೌಕದ ಕಾಫಿ ಅಂಗಡಿಯ ಮುದುಕರ ಮುಂದೆ ಒಂದು ಸುಳ್ಳುಸಾಕ್ಷಿಯನ್ನಾದರೂ ನುಡಿಯಬೇಕು.

ಬಟ್ಟಲಿನ ತಳ ನೆಕ್ಕಿದ, ತಮ್ಮ ವಿಶ್ವಾಸಿ,
ಎವಾಸಿಯೊ

ತಾ.ಕ.: ತಮ್ಮ ಒಡಹುಟ್ಟಿದ ಬಾಟಲಿಯೊಂದು ಅಣ್ಣನ ಮನೆಯಲ್ಲಿ ಇನ್ನೂ ಇದೆಯಂತೆ. ಬರುವ ಭಾನುವಾರ ಊಟಕ್ಕೆ ಕರೆದಿದ್ದಾನೆ. ಯಾವ ಲೋಟ ತರಲಿ ಎಂದು ಕೇಳಿದೆ. "ಲೋಟ ಬೇಡ, ಬಟ್ಟಲು ತಗೊಂಡು ಬಾ. ಆ ನಿನ್ನ ನಾಲಿಗೇನ ಮಾತ್ರ ಮನೇಲೇ ಬಿಟ್ಟು ಬಾ" ಎಂದ.