ಖಾಲಿ ಬಿದ್ದದ್ದು ವಾಪಸ್

ಒಂದು ಬೇಕಾದಲ್ಲಿ ಎರಡು ತರುವುದು ಅವನ ಹುಟ್ಟುಗುಣ. ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ, ಕೊಡೆ ಮಾತ್ರ ಆರು. ಯಾಕೋ ಅಂತ ಕೇಳಿದರೆ "ಇರಲಿ" ಅನ್ನುತ್ತಿದ್ದ. ಆಫೀಸಿನವರು ಅವನಿಗೆ ಇರಲಿರಾಯ ಎಂದೇ ಹೆಸರಿಟ್ಟುಬಿಟ್ಟಿದ್ದರು.

ಮನೆಮನೆಗೆ ಇಂಟರ್ನೆಟ್ ಕೊಡುವ ಆ ಸಣ್ಣ ಕಂಪನಿಗೆ ಇಂಟರ್ನೆಟ್ ವಿಳಾಸಗಳನ್ನು ಕೇಳಿ ತಂದವನೂ ಇವನೇ. ಮನೆಗೆ ಬಾಗಿಲ ನಂಬರಿದ್ದ ಹಾಗೆ ಇಂಟರ್ನೆಟ್ಟಿಗೆ ಸೇರಿದ ಯಂತ್ರಕ್ಕೂ ಒಂದು ನಂಬರು ಬೇಕು. ಅರವತ್ತು ಸಾಕಿತ್ತು. ಇರಲಿರಾಯ ಇರಲಿ ಅಂತ ಅದರ ಎರಡರಷ್ಟು ತಂದ. ಅರ್ಧಕ್ಕರ್ಧ ಅಂದಿನಿಂದಲೂ ಖಾಲಿ ಬಿದ್ದಿದ್ದವು. ಈಗ ನಂಬರು ಹಂಚುವ ಮಂಡಳಿಯಿಂದ ಬೆಳಬೆಳಗ್ಗೆ ಫೋನು: ಮಧ್ಯಾಹ್ನ ಇನ್ಸ್‌ಪೆಕ್ಟರು ಬರುತ್ತಾರೆ, ಬಳಕೆಯಲ್ಲಿಲ್ಲದ್ದನ್ನು ವಾಪಸ್ ಒಯ್ಯುತ್ತಾರೆ.

"ನಂಬರೆಲ್ಲ ಮುಗಿದು ಹೋಗಿವೆಯಂತೆ ಕಣೇ," ಅಂದ ಹೆಂಡತಿಗೆ. "ಅದಕ್ಕೆ, ಬಳಸದೆ ಇಟ್ಕೊಂಡೋರ ಹತ್ರ ಕಿತ್ಕೊಂಡು ಬೇಕಾದೋರಿಗೆ ಕೊಡ್ತಾರಂತೆ."

"ನ್ಯಾಯವಾಗೇ ಇದೆಯಲ್ಲ!" ಅವಳು ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆಯುತ್ತಿದ್ದಳು. "ನೋಡಿ, ಸಂಜೆ ಬಸ್ಸು. ಸಮುದ್ರ ನೋಡೋಣ ಅಂತ ಎರಡು ಸಲ ಟಿಕೆಟ್ ತೆಗೆಸಿದ್ರಿ. ಎರಡು ಸಲಾನೂ ನಿಮ್ಮ ಸೀಟಲ್ಲಿ ನನ್ನ ಬ್ಯಾಗು ಕೂತ್ಕೊಂಡು ಬಂತು."

"ಈ ಸಲ ದೇವರಾಣೆ ಬರ್ತೀನಿ."

ಆಫೀಸಿನಲ್ಲಿ ಯಜಮಾನರು ಬಾಗಿಲಲ್ಲೇ ನಿಂತಿದ್ದರು. "ನೋಡಯ್ಯ, ನಂಬರು ಉಳಿಸು, ರಜಾ ತಗೊಂಡು ಹೋಗು. ಒಂದೇ ಒಂದು ವಾಪಸ್ ಹೋಯ್ತೋ, ಸಮುದ್ರಾನ ಕ್ಯಾಲೆಂಡರಲ್ಲಿ ನೋಡ್ಕೊ."

ಇರಲಿರಾಯ ಖಾಲಿ ನಂಬರುಗಳ ಪಟ್ಟಿ ಹರಡಿಕೊಂಡು ಮೇಜಿಗೆ ಕೂತ. ಪಕ್ಕದ ಮೇಜಿನ ಲೆಕ್ಕಿಗ, ಯಾರೂ ಕೇಳದಿದ್ದರೂ ಸಲಹೆ ಕೊಡುವ ಆಸಾಮಿ, ಕುರ್ಚಿ ಎಳಕೊಂಡು ಬಂದ. "ಒಂದೇ ಕಂಪ್ಯೂಟರಿಗೆ ಅಷ್ಟೂ ನಂಬರು ಅಂಟಿಸಿಬಿಡೋ."

"ಆಗಲ್ಲ ಮಾರಾಯ. ನಂಬರಿಗೊಂದು ಯಂತ್ರ ಕಣ್ಣಿಗೆ ಕಾಣಬೇಕಂತೆ."

"ಅಷ್ಟೇ ತಾನೆ? ಈ ಕಟ್ಟಡದಲ್ಲಿ ಯಂತ್ರಕ್ಕೇನು ಬರಗಾಲವೇ!"

ಲೆಕ್ಕಿಗ ಮೆಟ್ಟಿಲಿಳಿದು ಹೋದ. ಹೋದವನು ಇಡೀ ಕಟ್ಟಡಕ್ಕೆ ಸುದ್ದಿ ಹಬ್ಬಿಸಿ ಬಂದ. ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಹಳೆಯ ಸ್ಮಾರ್ಟ್ ಟಿವಿ ಹೊರಿಸಿ ಕಳಿಸಿದರು. ಟೈಲರು ಮನೆಯ ಮಕ್ಕಳ, ಇಂಟರ್ನೆಟ್ಟಿಗೆ ಸೇರಿಸಿದರೆ ಮಾತಾಡುವ ಗೊಂಬೆಗಳನ್ನು ಚೀಲದಲ್ಲಿ ತಂದು ಸುರಿದ. ಯಾರದೋ ಡ್ರಾಯರಿನಿಂದ ಒಡೆದ ಮೊಬೈಲುಗಳು ಬಂದವು, ಬೇಕರಿಯ ಕ್ಯಾಮರಾ ಬಂತು, ಇಂಟರ್ನೆಟ್ಟಿಲ್ಲದೆ ತೂಕ ಹೇಳದ ತಕ್ಕಡಿಯೂ ಬಂತು. ಇರಲಿರಾಯ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಿ ಒಂದೊಂದಕ್ಕೂ ನಂಬರು ಕೊಟ್ಟ. ಗೊಂಬೆಗಳು ತಮ್ಮ ಪಾಡಿಗೆ "ಅಮ್ಮಾ, ಹಸಿವು" ಎಂದು ಕಿರುಚತೊಡಗಿದವು. ಅವನ್ನು ಸುಮ್ಮನಾಗಿಸಲು ಹೋಗಿ ಯಜಮಾನರು ತಕ್ಕಡಿಯ ಮೇಲೆ ಕಾಲಿಟ್ಟರು. ಅದು ಅವರ ತೂಕವನ್ನು ಗಟ್ಟಿಯಾಗಿ ಹೇಳಿಬಿಟ್ಟಿತು.

ಕೊನೆಗೆ ಒಂದು ನಂಬರು ಉಳಿಯಿತು. "ನಿನ್ನ ಫೋನು ಕೊಡು," ಅಂದ ಲೆಕ್ಕಿಗ. ಇರಲಿರಾಯ ಕೊಟ್ಟ. ಅದೂ ಗೊಂಬೆಗಳ ಸಾಲಿಗೆ ಸೇರಿತು.

ಎಲ್ಲದರ ಸ್ವಿಚ್ಚು ಒಟ್ಟಿಗೆ ಹಾಕಿದ್ದೇ ತಡ, ಠಪ್ ಅಂತ ಫ್ಯೂಸು ಹಾರಿ ಇಡೀ ಕಟ್ಟಡ ಕತ್ತಲಾಯಿತು. ಇರಲಿರಾಯ ತಲೆ ಮೇಲೆ ಕೈ ಹೊತ್ತು ಕೂತ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಬದಬ ಸದ್ದು. ಕೆಳಗಿನ ಕ್ಷೌರದಂಗಡಿಯಿಂದ, ಅರ್ಧ ತಲೆ ಟ್ರಿಮ್ ಆಗಿ ಅರ್ಧ ಹಾಗೇ ಉಳಿದಿದ್ದ ಗಿರಾಕಿಯೊಬ್ಬರು ಕೊರಳಿನ ಬಟ್ಟೆಯ ಸಮೇತ ಹತ್ತಿ ಬಂದರು.

"ಯಾರ್ರೀ ಕರೆಂಟ್ ತೆಗೆದಿದ್ದು? ಮೆಷಿನ್ ಅರ್ಧಕ್ಕೇ ನಿಂತೋಯ್ತು!" ಆಮೇಲೆ ಬೋರ್ಡು ನೋಡಿ ತಡವರಿಸಿದರು. "ಓಹೋ, ಇದೇ ಕಂಪನೀನಾ? ನಾನು ಮಂಡಳಿ ಇನ್ಸ್‌ಪೆಕ್ಟರು. ಸ್ವಲ್ಪ ಬೇಗ ಬಂದಿದ್ದೆ, ಹಾಗೇ ಕೂದಲು..."

ಫ್ಯೂಸು ಕಟ್ಟಿದರು, ದೀಪ ಬಂತು. ಗೊಂಬೆಗಳು ಮತ್ತೆ ಹಸಿವು ಎಂದವು. ಇನ್ಸ್‌ಪೆಕ್ಟರು ಒಂದೊಂದೇ ನಂಬರು ಕರೆದರು, ಒಂದೊಂದೂ ಓಗೊಟ್ಟಿತು.

"ಎಷ್ಟೋ ಕಂಪನಿ ನೋಡಿದೀನಿ," ಅವರು ಕೊರಳಿನ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡರು, "ಬಳಕೆ ತಡೀಲಾರದೆ ಫ್ಯೂಸು ಹೋಗಿದ್ದು ಇಲ್ಲೇ ನೋಡಿದ್ದು. ಪಕ್ಕದ ಬೀದಿ ಕಂಪನಿಯಿಂದ ಕಿತ್ಕೊಂಡ ನಂಬರೂ ನಿಮಗೇ ಕೊಡ್ತೀನಿ. ಅವೂ ನಿಮ್ಮಲ್ಲಿರೋವಷ್ಟೇ ಇವೆ. ಬಳಕೇಲಿವೆಯಾ ಅಂತ ವಾರ ಬಿಟ್ಟು ಬಂದು ನೋಡ್ತೀನಿ."

"ವಾರ ಯಾಕೆ ಸಾರ್? ನಾಳೇನೇ ಬನ್ನಿ!" ಯಜಮಾನರು ಉಬ್ಬಿ ಹೋದರು. "ನಮ್ಮ ಹುಡುಗ ಇದಾನಲ್ಲ."

ಇನ್ಸ್‌ಪೆಕ್ಟರು ಉಳಿದರ್ಧ ತಲೆಗಾಗಿ ಇಳಿದು ಹೋದ ಮೇಲೆ ಇರಲಿರಾಯ ಗೋಗರೆದ. "ನಂಬರು ಉಳಿಸಿದ್ರೆ ರಜಾ ಅಂದಿದ್ರಿ."

"ಹೌದಪ್ಪ. ಇವನ್ನೂ ಉಳಿಸು, ಆಮೇಲೆ ಹೋಗು."

ಬದುಕಿನಲ್ಲಿ ಮೊದಲ ಸಲ ಅವನಿಗೆ ಸಿಟ್ಟು ನೆತ್ತಿಗೇರಿತು. "ನಿಮ್ಮ ನಂಬರಿಗೆ ನಾಳೆ ನೀವೇ ಗೊಂಬೆ ಹುಡುಕಿ!" ಎಂದವನೇ ಫೋನು ಕಿತ್ತುಕೊಂಡು ಓಡಿದ. ಓಡುತ್ತ ನೋಡಿದರೆ ಹೆಂಡತಿಯಿಂದ ಸಾಲುಸಾಲು ಕರೆ. ಒಂದನ್ನು ಮಾತ್ರ ಯಾರೋ ಎತ್ತಿದ್ದರು. ಆ ಯಾರೋ ಲೆಕ್ಕಿಗನಲ್ಲದೆ ಇನ್ಯಾರು.

ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಲ್ಲಿ ಹೆಂಡತಿ. ಅವಳ ಪಕ್ಕದಲ್ಲಿ, ಅವನ ಸೀಟಿನಲ್ಲಿ, ಅವನದೇ ಕೊಡೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅವನ ಸ್ವಂತ ಅಕ್ಕ!

"ಬಂದೆ ಕಣೇ!" ಅಂದ ಏದುಸಿರಲ್ಲಿ.

"ನೀವು ಬರೋದು ಡೌಟು ಅಂದ್ರಲ್ಲ ನಿಮ್ಮ ಲೆಕ್ಕದೋರು," ಅಂದಳು ಹೆಂಡತಿ. "ಬಳಸದೆ ಇಟ್ಕೊಂಡೋರ ಸೀಟು ಕಿತ್ಕೊಂಡು ಬೇಕಾದೋರಿಗೆ ಕೊಟ್ಟೆ. ನೀವೇ ಹೇಳಿದ್ರಲ್ಲ?"

"ಕೊಡೆ ತಗೊಂಡಿದೀನಿ ಕಣೋ," ಅಂದಳು ಅಕ್ಕ. "ಬಿಸಿಲಿಗೆ ಇರಲಿ ಅಂತ."

ಬಸ್ಸು ಹೊರಟಿತು. ಇರಲಿರಾಯ ಅದರ ಹೊಗೆ ಕುಡಿಯುತ್ತ ನಿಂತಿದ್ದಾಗ ಜೇಬಿನಲ್ಲಿ ಫೋನು ಬಡಕೊಂಡಿತು. ಯಜಮಾನರು.

"ಎಲ್ಲಯ್ಯಾ ಇದೀಯ? ನಿನ್ನ ಕುರ್ಚಿ ಖಾಲಿ ಬಿದ್ದಿದೆ, ಲೆಕ್ಕಿಗ ಅವನ ಭಾವಮೈದುನನಿಗೆ ಕೊಡಿ ಅಂತ ಕೇಳ್ತಿದಾನೆ. ಕೊಟ್ಬಿಡ್ಲಾ?"

"ಇರಲಿ ಸಾರ್, ಇರಲಿ! ಬಂದೇ ಬಂದೆ!" ಎಂದು ಕೂಗುತ್ತ ಇರಲಿರಾಯ ಬಂದ ದಾರಿಯಲ್ಲೇ ಓಡಿದ.